ಮಧ್ಯಾಹ್ನದ ಭಟ್ಟರು

ಆ ಬುಧವಾರ ಬೆಳಿಗ್ಗೆ ನನ್ನ ಗಂಡ ಎಂದಿನಂತೆ ಸ್ಟೀಲಿನ ಲೋಟದಲ್ಲಿ ಬೆಚ್ಚಗಿನ ನೀರು ತಂದು ಅಪ್ಪನ ಮುಂದೆ ಹಿಡಿದ. ಅಪ್ಪ ಲೋಟವನ್ನು ನೋಡಿದರು, ಹಿಡಿದ ಕೈಯನ್ನು ನೋಡಿದರು. ಆಮೇಲೆ ಪಂಚೆಯ ಅಂಚನ್ನು ಮೈಗೆ ಎಳೆದುಕೊಂಡು ಸೋಫಾದ ಆಚೆ ಮೂಲೆಗೆ ಸರಿದರು.

“ಅಲ್ಲಿಯೇ ಕೆಳಗೆ ಇಡು. ನನ್ನನ್ನು ಮುಟ್ಟಬೇಡ.”

ನೀರು ಬಿಸಿಯಾಗಿದೆ ಎಂದು ಹೆದರಿರಬೇಕು ಅಂದುಕೊಂಡ ಇವನು. “ಸುಡಂಗಿಲ್ರಿ ಮಾವಾರ, ಕುಡೀರಿ,” ಎಂದು ಇನ್ನೊಂದು ಹೆಜ್ಜೆ ಮುಂದಿಟ್ಟ. ಆಗ ಅಪ್ಪ ಅವನನ್ನು ಒಂದು ಪದದಿಂದ ಕರೆದರು. ಆ ಪದವನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಇವನ ಹಿರಿಯರ ಜಾತಿಯ ಹೆಸರು. ಬಾಯಿಯಿಂದ ಬಾಯಿಗೆ ಬಂದು ಬೈಗುಳವಾದದ್ದು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಯಾವ ನೆಂಟರಾದರೂ ಅದನ್ನು ಆಡಿದರೆ ಅಪ್ಪ ಊಟದ ಮಧ್ಯದಲ್ಲಿಯೇ ಕೈ ತೊಳೆದು ಎದ್ದುಬಿಡುತ್ತಿದ್ದರು.

ನಾನು ಅಡುಗೆಮನೆಯಲ್ಲಿ ಟಿಫಿನ್ ಡಬ್ಬಿ ಮುಚ್ಚುತ್ತಿದ್ದೆ. ವಾರಕ್ಕೆ ಮೂರು ದಿನ, ಡಚ್ಚರ ನಾಡಿನಲ್ಲಿ ನಾವಿರುವ ಊರಾದ ಡೀಮೆನ್‌ನಿಂದ ರೈಲು ಹಿಡಿದು ಟಿಲ್‌ಬರ್ಗ್‌ಗೆ ಹೋಗಬೇಕಾದ ಕೆಲಸ ನನ್ನದು, ಅಲ್ಲಿನ ಒಂದು ಲಾಜಿಸ್ಟಿಕ್ಸ್ ಕಂಪನಿಯಲ್ಲಿ. ಇವನದು ಮನೆಯಲ್ಲಿ ಕೂತೇ ಮಾಡಬಹುದಾದ ಎಂಜಿನಿಯರಿಂಗ್ ಕೆಲಸ. ಹಾಗಾಗಿ ಅಪ್ಪನ ಹಗಲೆಲ್ಲ ಇವನ ಪಾಲಿಗೆ ಬಂದಿತ್ತು. ಡಬ್ಬಿ ಹಿಡಿದುಕೊಂಡೇ ಓಡಿ ಬಂದೆ. ಇವನು ಲೋಟವನ್ನು ನೆಲದ ಮೇಲಿಟ್ಟು ನನ್ನ ಕಡೆ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಆಶ್ಚರ್ಯ ಇಲ್ಲದ್ದನ್ನು ಕಂಡೇ ನಾನು ಡಬ್ಬಿಯನ್ನು ಕೆಳಗಿಟ್ಟು ಅಲ್ಲಿಯೇ ಕೂತದ್ದು.

ಆ ದಿನದ ರೈಲು ತಪ್ಪಿತು.

ಅಪ್ಪ ಉಡುಪಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಸಂಧ್ಯಾವಂದನೆ ತಪ್ಪಿಸಿದವರಲ್ಲ, ಏಕಾದಶಿಗೆ ಊಟ ಮಾಡಿದವರಲ್ಲ. ಆದರೆ ದೇವಸ್ಥಾನದ ಊಟದಲ್ಲಿ ಬ್ರಾಹ್ಮಣರಿಗೊಂದು ಸಾಲು, ಉಳಿದವರಿಗೊಂದು ಸಾಲು ಹಾಕುವುದನ್ನು ಕಂಡು ಪ್ರಾಯದಲ್ಲಿಯೇ ಅಲ್ಲಿ ಉಣ್ಣುವುದನ್ನು ಬಿಟ್ಟಿದ್ದರು. ಅಜ್ಜಿ ಇರುವವರೆಗೂ ಈ ಜಗಳ ಮನೆಯಲ್ಲಿ ಮುಗಿದದ್ದೇ ಇಲ್ಲ. ಅಜ್ಜಿ ಮಡಿಯ ಹೆಂಗಸು. ಅಪ್ಪನನ್ನು ಐದು ವರ್ಷದ ಹುಡುಗನಿದ್ದಾಗಿನಿಂದಲೇ ಯಾರನ್ನು ಮುಟ್ಟಬಹುದು, ಯಾರ ನೆರಳಿನಿಂದ ಸರಿಯಬೇಕು ಎಂದು ಹುಣಸೆ ಬರಲು ಹಿಡಿದು ತಿದ್ದಿದವಳು. ಅದನ್ನು ಅಪ್ಪನೇ ನಮಗೆ ಹೇಳಿ ನಗುತ್ತಿದ್ದರು. ಕಾಲ ಮೇಲಿದ್ದ ಬರಲಿನ ಗುರುತನ್ನೂ ತೋರಿಸುತ್ತಿದ್ದರು.

ನನ್ನ ಗಂಡ ಕಲಬುರಗಿಯವನು. ಇವನ ಅಜ್ಜನಿಗೆ ಊರ ಬಾವಿಯ ಹಗ್ಗ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಆ ಅಜ್ಜ ದೀಕ್ಷೆ ತೆಗೆದುಕೊಂಡು ಬೌದ್ಧರಾದರು. ಮನೆಯಲ್ಲಿದ್ದ ದೇವರ ಪಟಗಳನ್ನೆಲ್ಲ ಇಳಿಸಿ, ಪೂಜೆ, ಹರಕೆ, ಪುರೋಹಿತ ಯಾವುದೂ ಇನ್ನು ಬೇಡ, ನಡತೆ ನೆಟ್ಟಗಿದ್ದರೆ ಸಾಕು ಎಂದರಂತೆ. ನಾವಿಬ್ಬರೂ ಇದೇ ದೇಶದ ಗ್ರೋನಿಂಗನ್‌ನಲ್ಲಿ ಓದುವಾಗ ಪರಿಚಯವಾದೆವು. ಮದುವೆಯ ಸುದ್ದಿ ಹೇಳಿದಾಗ ಅಪ್ಪ ಫೋನಿನಲ್ಲಿ, “ನನಗೆ ಸ್ವಲ್ಪ ಸಮಯ ಕೊಡು ಮಗಾ,” ಎಂದರು. ಕೊಟ್ಟೆ. ನನ್ನ ಮೂಗಿನ ತುದಿಯ ಸಿಟ್ಟು ಬಲ್ಲವರಿಗೆ ಅದು ಎಂಥ ದೊಡ್ಡ ದಾನ ಎಂದು ಗೊತ್ತಾದೀತು.

ಮಗಳು ಹುಟ್ಟಿದಾಗ ಅಪ್ಪ ಬಂದರು. ಬಂದವರು ಅಳಿಯನ ಕೈಯಡುಗೆ ಉಂಡರು, ಅವನ ಅಪ್ಪ ಅಮ್ಮನ ಕ್ಷೇಮ ವಿಚಾರಿಸಿದರು, ಮರುದಿನ ಅವನ ಮುಂದೆ ಕೂತು, “ನನಗೆ ಇಲ್ಲಿಗೆ ಬಂದು ಮುಟ್ಟಲಿಕ್ಕೆ ತಡ ಆಯ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡ,” ಎಂದರು. ಅಮ್ಮ ಹೋದ ಮೇಲೆ ಬೇಸಗೆ ಬೇಸಗೆಗೂ ಬರತೊಡಗಿದರು. ಬಂದರೆ ಈ ಇಬ್ಬರದ್ದೇ ಲೋಕ. ನಾನು ಹೊರಗಿನವಳು. ಬಾಲ್ಕನಿಯಲ್ಲಿ ಚಹಾ ಹಿಡಿದು ಕೂತು ಅವರು ಮಾಡುತ್ತಿದ್ದ ವಾದ ಒಂದೇ, ಪ್ರತಿ ವರ್ಷವೂ ಅದೇ.

“ಮನಸ್ಸು ನೆಟ್ಟಗ ಇಲ್ಲದ ಮ್ಯಾಲ ಮಂತ್ರ ಯಾಕ ಬೇಕ್ರಿ ಮಾವಾರ?” ಎಂದು ಇವನು ಶುರು ಮಾಡುತ್ತಿದ್ದ.

“ಮನಸ್ಸು ದಿನಾ ನೆಟ್ಟಗೆ ಇರ್ತದಾ ಮಾರಾಯ? ಇಲ್ಲದ ದಿನಕ್ಕೆ ಕೈ ಬೇಕಲ್ಲ. ಕೈಗೆ ಅಭ್ಯಾಸ ಇದ್ದರೆ ಅದೇ ನಮ್ಮನ್ನು ಎಳೆದುಕೊಂಡು ಹೋಗ್ತದೆ.”

“ಎಲ್ಲಿಗಿ ಎಳಕೊಂಡು ಹೋಗ್ತದ ಅಂತ ನೋಡೋರು ಯಾರ್ರಿ?”

ಅಪ್ಪ ಗಟ್ಟಿಯಾಗಿ ನಗುತ್ತಿದ್ದರು. “ನೀನು ನನ್ನ ಕ್ಲಾಸಿನಲ್ಲಿ ಇರಬೇಕಿತ್ತು. ನನಗೆ ಒಂದು ದಿನ ಕಲಿಸಲಿಕ್ಕೆ ಬಿಡ್ತಿರಲಿಲ್ಲ,” ಎನ್ನುತ್ತಿದ್ದರು. ಅಳಿಯನನ್ನು ಉಡುಪಿಯ ಗೆಳೆಯರ ಮುಂದೆಲ್ಲ ಹೊಗಳಿ ಹೊಗಳಿ ನನ್ನ ಅಣ್ಣನಿಗೆ ಹೊಟ್ಟೆಕಿಚ್ಚು ಬರುವ ಹಾಗೆ ಮಾಡಿದ್ದರು.

ಈ ಸಲ ಅವರು ಬಂದದ್ದು ಬೇರೆ ಕಾರಣಕ್ಕೆ. ಮಂಗಳೂರಿನಲ್ಲಿರುವ ಅಣ್ಣನಿಗೆ ಬೆನ್ನಿನ ಆಪರೇಷನ್. ಅಪ್ಪನಿಗೆ ಹಿಂದಿನ ವರ್ಷದಿಂದ ಮರೆವಿನ ಕಾಯಿಲೆ, ಒಬ್ಬರನ್ನೇ ಬಿಡುವಂತಿರಲಿಲ್ಲ. ಮೂರು ತಿಂಗಳ ವೀಸಾ ಮಾಡಿಸಿ ನಾನೇ ಹೋಗಿ ಕರೆತಂದೆ. ಮೊದಲ ವಾರಗಳು ಚೆನ್ನಾಗಿಯೇ ಇದ್ದವು. ಕಾಲುವೆಯ ಬದಿಯಲ್ಲಿ ಅಳಿಯನ ತೋಳು ಹಿಡಿದು ನಡೆಯುತ್ತಿದ್ದರು. ಊಟ ಮಾಡಿದ್ದು ಮರೆಯುತ್ತಿದ್ದರು, ನನ್ನನ್ನು ಒಮ್ಮೊಮ್ಮೆ ತಂಗಿ ಎಂದುಕೊಳ್ಳುತ್ತಿದ್ದರು. ಸಂಧ್ಯಾವಂದನೆ ಮಾತ್ರ ಮರೆಯಲಿಲ್ಲ. ಮರೆಯದ್ದಷ್ಟೇ ಅಲ್ಲ, ಮಾಡಿದ್ದು ಮರೆತು ಮತ್ತೆ ಮಾಡುತ್ತಿದ್ದರು. ಬೆಳಿಗ್ಗೆ ಒಮ್ಮೆ, ಹತ್ತಕ್ಕೆ ಒಮ್ಮೆ, ಮಗಳು ಶಾಲೆಯಿಂದ ಬಂದಾಗ ಮತ್ತೊಮ್ಮೆ. ಸೋಫಾದ ಮುಂದಿನ ಕಾರ್ಪೆಟ್ ಸದಾ ಒದ್ದೆ. ನಾವು ಅದನ್ನು ತಮಾಷೆ ಮಾಡಿಕೊಂಡೇ ಒರೆಸುತ್ತಿದ್ದೆವು.

ಬುಧವಾರದ ಮೇಲೆ ತಮಾಷೆ ನಿಂತಿತು. ಅಪ್ಪ ಇವನನ್ನು ಅಳಿಯ ಎಂದು ಗುರುತಿಸುವುದೇ ಬಿಟ್ಟರು. ಇವನು ಕೋಣೆಗೆ ಕಾಲಿಟ್ಟರೆ ಪಂಚೆ ಸಾವರಿಸಿಕೊಂಡು ಗೋಡೆಗೆ ಒತ್ತಿಕೊಳ್ಳುತ್ತಿದ್ದರು. ಗೋಡೆಯ ಮೇಲಿನ ನಮ್ಮ ಮದುವೆಯ ಫೋಟೋ ತೋರಿಸಿದೆ. ಫೋಟೋದಲ್ಲಿನ ಅಳಿಯ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಎದುರಿಗೆ ನಿಂತವನು ಬೇರೆ. ಈ ಲೆಕ್ಕ ನನಗೆ ಕೊನೆಯವರೆಗೂ ಹತ್ತಲಿಲ್ಲ. ಎದುರಿನವನ ಹೆಸರು ಮರೆತಿತ್ತು, ಮುಖ ಮರೆತಿತ್ತು, ಜಾತಿ ಮಾತ್ರ ಯಾವ ದಾರಿಯಲ್ಲಿ ನೆನಪಿಗೆ ಬಂತೋ ಆ ದೇವರಿಗೇ ಗೊತ್ತು.

ಹೌಸ್‌ಆರ್ಟ್ಸ್ ಹತ್ತಿರ, ಅಂದರೆ ಇಲ್ಲಿನ ನಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ, ಹೋದೆ. ತಾಳ್ಮೆಯ ಹೆಂಗಸು, ಚಿಕ್ಕ ಪ್ರಾಯ. ಪ್ರವಾಸಿ ವೀಸಾದವರಿಗೆ ಡೇ ಕೇರ್, ಮನೆಗೆ ಬರುವ ನರ್ಸ್ ಯಾವುದೂ ಸಿಗುವುದಿಲ್ಲ ಎಂದು ಬೇಸರದಿಂದಲೇ ಹೇಳಿದಳು. ಆಮೇಲೆ, “ನಿಮ್ಮ ಗಂಡನನ್ನು ಕಂಡರೆ ಅವರಿಗೆ ಭಯವೇ?” ಎಂದು ಕೇಳಿದಳು.

“ಭಯ ಅಲ್ಲ. ಅವನು ಮುಟ್ಟಿದ್ದು ಅಶುದ್ಧ ಅಂತ.”

“ಕೊಳೆ, ರೋಗಾಣು, ಆ ಥರವೇ? ಅದಕ್ಕೆ ನಾವು ಸ್ಮೆಟ್‌ಫ್ರೇಸ್ ಎನ್ನುತ್ತೇವೆ. ಈ ಕಾಯಿಲೆಯಲ್ಲಿ ಕೊಳೆಯ ಹೆದರಿಕೆ ಕೆಲವರಿಗೆ ಬರುತ್ತದೆ.”

ನನ್ನ ಡಚ್ ಅಲ್ಲಿಗೆ ಮುಗಿಯಿತು. ಬಾಡಿಗೆಯ ಕರಾರು, ತೆರಿಗೆ, ಮಗಳ ಶಾಲೆಯ ಸಭೆ ಎಲ್ಲವನ್ನೂ ಡಚ್‌ನಲ್ಲಿಯೇ ನಿಭಾಯಿಸುವವಳು ನಾನು. ಜಾತಿಯನ್ನು ಮಾತ್ರ ಎಲ್ಲಿಂದ ಶುರು ಮಾಡಲಿ? ಅವಳ ಮುಂದೆ ಅಪ್ಪನನ್ನು ಕೆಟ್ಟವರನ್ನಾಗಿ ಮಾಡಲು ಮನಸ್ಸು ಬರಲಿಲ್ಲ. ಮಾಡದೆ ಇದ್ದರೆ ಗಂಡನಿಗೆ ಆಗುತ್ತಿರುವುದು ಬರೀ ಕೊಳೆಯ ಹೆದರಿಕೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. “ಹೂಂ, ಸ್ವಲ್ಪ ಆ ಥರ,” ಎಂದುಬಿಟ್ಟೆ.

“ತಿದ್ದಬೇಡಿ, ವಾದ ಮಾಡಬೇಡಿ,” ಎಂದಳು ಡಾಕ್ಟರು. “ಅವರು ನಿಮ್ಮ ಲೋಕಕ್ಕೆ ಬರಲಾರರು. ನೀವೇ ಅವರ ಲೋಕಕ್ಕೆ ಹೋಗಿ, ಜೊತೆಜೊತೆಗೆ ಸಾಗಿ.” ಒಳ್ಳೆಯ ಸಲಹೆಯೇ. ಸತ್ತ ಹೆಂಡತಿಗಾಗಿ ಕಾಯುವ ಮುದುಕನಿಗೆ, ಎಂದೋ ಬಿಟ್ಟ ಕೆಲಸಕ್ಕೆ ಹೊರಟು ನಿಲ್ಲುವ ಮುದುಕಿಗೆ ಸರಿಹೋಗುತ್ತದೆ. ನನ್ನ ಅಪ್ಪನ ಲೋಕಕ್ಕೆ ನನ್ನ ಗಂಡ ಹೋಗುವುದೆಂದರೆ ಅಂಗಳದ ಆಚೆ ನಿಲ್ಲುವುದು ಎಂದು ಆ ಪುಣ್ಯಾತ್ಗಿತ್ತಿಗೆ ಯಾರು ಹೇಳಬೇಕು?

ನೀರಿನಿಂದ ಶುರುವಾದದ್ದು ಅನ್ನಕ್ಕೆ ಬಂತು. ಇವನು ಬಡಿಸಿದ್ದನ್ನು ಮುಟ್ಟುತ್ತಿರಲಿಲ್ಲ. ಸರಿ, ನಾನೇ ರಜೆ ಹಾಕಿ ಬಡಿಸಿದೆ. ಮೂರನೆಯ ದಿನ ನನ್ನದೂ ಬೇಡವಾಯಿತು. “ನೀನು ಅವನನ್ನು ಮುಟ್ಟಿ ಬಂದಿದ್ದಿ. ನಾನು ನೋಡಿದ್ದೇನೆ,” ಎಂದರು. ನೋಡಿದ್ದು ನಿಜ, ಅಡುಗೆಮನೆಯಲ್ಲಿ ನಾನು ಅವನ ಹೆಗಲ ಮೇಲೆ ತಲೆಯಿಟ್ಟು ಅತ್ತಿದ್ದೆ. ತಾವೇ ಅನ್ನ ಮಾಡಿಕೊಳ್ಳುತ್ತೇನೆ ಎಂದು ಹೊರಟರು. ಪಾತ್ರೆಗೆ ಅಕ್ಕಿ ಹಾಕಿ, ನೀರು ಹಾಕುವುದು ಮರೆತು, ಒಲೆಯ ಮುಂದೆ ಕೈಕಟ್ಟಿ ನಿಂತಿದ್ದರು. ಬಾಳೆಹಣ್ಣಿನ ಸಿಪ್ಪೆ ಸುಲಿಯದೆ ಕೊಟ್ಟರೆ ತಿನ್ನುತ್ತಿದ್ದರು, ನಲ್ಲಿಯಿಂದ ಕೈಯಾರೆ ಹಿಡಿದ ನೀರು ಕುಡಿಯುತ್ತಿದ್ದರು. ಸಕ್ಕರೆ ಕಾಯಿಲೆಯವರು, ಮಾತ್ರೆ ನುಂಗಿ ಹೊಟ್ಟೆಗೆ ಏನೂ ಬೀಳದಿದ್ದರೆ ಕೈ ನಡುಗುತ್ತಿತ್ತು. ವಾರದೊಳಗೆ ಕೆನ್ನೆ ಒಳಸೇರಿತು. ಕಣ್ಣೆದುರಿಗೆ ಅನ್ನ ಇಟ್ಟುಕೊಂಡು ನನ್ನ ಅಪ್ಪ ಉಪವಾಸ ಬೀಳುತ್ತಿದ್ದರು.

ಎರಡು ಬಿಲ್ಡಿಂಗ್ ಆಚೆ ಒಬ್ಬರು ಅಕ್ಕ ಇದ್ದಾರೆ, ಮಂಗಳೂರಿನವರು, ನಮ್ಮ ಪೈಕಿಯೇ. ಒಳ್ಳೆಯ ಜೀವ. ಸಾರು ಮಾಡಿ ತಾವೇ ತಂದು ಬಡಿಸಿದರು. ಅಪ್ಪ ಎದುರಿಗೆ ನಿಂತ ಇವನನ್ನು ನೋಡಿದವರೇ ಅದನ್ನೂ ತಳ್ಳಿದರು. ಮರುದಿನ ಅಕ್ಕ ಫೋನ್ ಮಾಡಿದರು. ನಾನು ಚಪಾತಿ ಹಿಟ್ಟು ಕಲಸುತ್ತಿದ್ದೆ, ಫೋನ್ ಸ್ಪೀಕರಿನಲ್ಲಿತ್ತು.

“ನನಗೊಂದು ಐಡಿಯಾ ಬಂತು ಮಾರಾಯ್ತಿ. ಬೇಜಾರು ಮಾಡಬೇಡ ಆಯ್ತಾ. ನಿನ್ನ ಗಂಡನಿಗೆ ಒಂದು ಜನಿವಾರ ಹಾಕಿಸು. ಪಂಚೆ ಉಡಿಸು. ಅಡಿಗೆ ಭಟ್ರು ಬಂದಿದ್ದಾರೆ ಅಂತ ಹೇಳು. ಅವರಿಗೆ ಮುಖ ಗೊತ್ತಾಗುದಿಲ್ಲ ಅಲ್ವಾ, ದಾರ ಗೊತ್ತಾಗ್ತದೆ. ನಮ್ಮ ಯಜಮಾನರ ಹತ್ತಿರ ಒಂದು ಹೊಸ ಜೊತೆ ಉಂಟು, ಕಳಿಸ್ತೇನೆ.”

ನನಗೆ ಸಿಟ್ಟು ನೆತ್ತಿಗೇರಿತು. “ಅಕ್ಕ, ನೀವು ಏನು ಹೇಳ್ತಿದ್ದೀರಿ ಅಂತ ನಿಮಗೆ ಗೊತ್ತುಂಟಾ?” ಎಂದೆ. ಮುಂದೆ ಆಡಿದ್ದೆಲ್ಲ ಬರೆಯುವಂಥದ್ದಲ್ಲ. ಫೋನ್ ಇಟ್ಟು ತಿರುಗಿದರೆ ಇವನು ಫ್ರಿಜ್ಜಿಗೆ ಒರಗಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

“ತರಿಸು,” ಎಂದ.

“ನಿನಗೆ ತಲೆ ಕೆಟ್ಟಿದೆ.”

“ಮಾವಾರು ಉಣ್ಣವಲ್ಲರು. ಇನ್ನ ನಾಕು ದಿನ ಹಿಂಗ ಆದ್ರ ದವಾಖಾನಿ. ನೀ ಬ್ಯಾರೆ ದಾರಿ ಹೇಳು, ಅದನ್ನ ಮಾಡೋಣ.”

ನನ್ನ ಹತ್ತಿರ ಬೇರೆ ದಾರಿ ಇರಲಿಲ್ಲ. ಇಲ್ಲದ್ದಕ್ಕೇ ಇನ್ನಷ್ಟು ಕೂಗಾಡಿದೆ. ನಿನ್ನ ಅಜ್ಜ ಏನನ್ನು ಬಿಟ್ಟು ಬಂದರೋ ಅದನ್ನೇ ನೀನು ಮೈಮೇಲೆ ಹಾಕಿಕೊಳ್ಳುತ್ತೀಯಾ, ನಿನಗೆ ನಾಚಿಕೆ ಇಲ್ಲವಾ ಎಂದೆ. ನಾಚಿಕೆಯಾಗಬೇಕಾದದ್ದು ಅವನಿಗಲ್ಲ, ನನ್ನ ಕಡೆಯವರಿಗೆ. ಬೈಯಲು ಕೈಗೆ ಸಿಕ್ಕವನು ಅವನೊಬ್ಬ.

“ನಾಚಿಕಿ ಅದ,” ಎಂದ. “ಸಿಟ್ಟೂ ಅದ. ದಿನಾ ಆ ಮಾತು ಕೇಳಿ ಕೇಳಿ ನಿದ್ದಿ ಹತ್ತಂಗಿಲ್ಲ ನಂಗ. ಆದ್ರ ಹಸಿದೋರ ಮುಂದ ಕೂತು ನನ್ನ ಮರ್ಯಾದಿ ಎಣಸಾಕ ಬರಂಗಿಲ್ಲ. ಹಂಗ ಮಾಡಿದ್ರ ನಮ್ಮ ಅಜ್ಜ ಬಿಟ್ಟು ಬಂದಿದ್ದಾದ್ರೂ ಏನು?”

ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಕೂತೆ.

ಜನಿವಾರ ಬಂತು. ಅದನ್ನು ಹೇಗೆ ಹಾಕಿಕೊಳ್ಳುವುದು ಎಂದೂ ಅವನಿಗೆ ಗೊತ್ತಿರಲಿಲ್ಲ. ಎಡ ಹೆಗಲಿನಿಂದ ಬಲ ಸೊಂಟಕ್ಕೆ ಎಂದು ನಾನು ತೋರಿಸಿಕೊಟ್ಟೆ. ನನ್ನ ಜಾತಿ ನನಗೆ ಕಲಿಸಿದ್ದರಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ. ಅವನ ಬರಿಯ ಎದೆಯ ಮೇಲೆ ಆ ಬಿಳಿ ಎಳೆಗಳನ್ನು ನೋಡಲಾರದೆ ಕಿಟಕಿಯ ಕಡೆ ತಿರುಗಿದೆ. ಅವನು ಅಪ್ಪನ ಪಂಚೆ ಉಟ್ಟು, ಹೆಗಲಿಗೆ ಒದ್ದೆ ಟವೆಲ್ ಹಾಕಿ, ಸ್ಟೀಲಿನ ಡಬರಿಯಲ್ಲಿ ಅನ್ನ ಹಿಡಿದು ಹೊರಟ. ಮೊದಲೇ ಹೇಳಿದ್ದೆ, ಮಾತಾಡಬೇಡ, ನಿನ್ನ ಕಲಬುರಗಿ ಮಾತು ಕೇಳಿದರೆ ಕಷ್ಟ ಎಂದು.

ಅಪ್ಪ ಎದೆಯನ್ನೇ ನೋಡಿದರು. ಮುಖ ನೋಡಲೇ ಇಲ್ಲ. “ಬನ್ನಿ ಭಟ್ರೇ,” ಎಂದು ಚಕ್ಕಳಮಕ್ಕಳ ಹಾಕಿ ಕೂತರು. “ಯಾವ ಕಡೆಯವರು ನೀವು?”

ಇವನಿಗೆ ಬಾಯಿ ತಡೆಯಲಿಲ್ಲ. “ಕಲಬುರಗಿ ಕಡಿ ಅವರ್ರಿ ರಾಯರ.”

ನಾನು ಬಾಗಿಲ ಹಿಂದಿನಿಂದ ಇಣುಕಿದೆ. ಅಪ್ಪ ತಲೆಯಾಡಿಸಿದರು. “ಘಟ್ಟದ ಮೇಲಿನವರು. ಆ ಕಡೆಯವರು ಮಡಿಯಲ್ಲಿ ನಮಗಿಂತ ಗಟ್ಟಿ,” ಎಂದು ಸಂತೋಷಪಟ್ಟರು. ತಟ್ಟೆಯ ಸುತ್ತ ನೀರು ಬಿಟ್ಟು, ಮಂತ್ರ ಹೇಳಿ, ಉಂಡರು. ಎರಡು ಸಲ ಅನ್ನ ಹಾಕಿಸಿಕೊಂಡರು. ಎಷ್ಟೋ ದಿನದ ಮೇಲೆ ಅಪ್ಪನ ಗಂಟಲಿನಲ್ಲಿ ತುತ್ತು ಇಳಿಯುವುದನ್ನು ಕಂಡು ನನಗೆ ಬಂದ ಸಂತೋಷ ಎಂಥದ್ದೆಂದರೆ, ಅದಕ್ಕಾಗಿ ನನ್ನನ್ನೇ ನಾನು ಹೊಡೆದುಕೊಳ್ಳಬೇಕೆನಿಸಿತು. ಕೈ ತೊಳೆಯುತ್ತಾ ಅಪ್ಪ ಭಟ್ಟರಿಗೆ ಗುಟ್ಟಿನಲ್ಲಿ ಹೇಳಿದರು: “ಈ ಮನೆಯಲ್ಲಿ ಒಬ್ಬ ಓಡಾಡ್ತಾನೆ. ಅಡಿಗೆಮನೆಗೆ ಬಿಡಬೇಡಿ.”

“ಬಿಡಂಗಿಲ್ರಿ,” ಎಂದ ನನ್ನ ಗಂಡ.

ಹಾಗೆ ನಮ್ಮ ಮನೆಗೆ ಮಧ್ಯಾಹ್ನದ ಭಟ್ಟರು ಬಂದರು. ಹನ್ನೆರಡೂವರೆಗೆ ಆನ್‌ಲೈನ್ ಮೀಟಿಂಗ್ ಮುಗಿಸಿ, ಶರ್ಟು ಕಳಚಿ, ಜನಿವಾರ ಹಾಕಿ ಬಡಿಸುವುದು. ಊಟವಾದ ಮೇಲೆ ಅದನ್ನು ತೆಗೆದು ಬಾತ್‌ರೂಮಿನ ಮೊಳೆಗೆ ಸಿಕ್ಕಿಸಿ ಮತ್ತೆ ಕಂಪ್ಯೂಟರ್ ಮುಂದೆ ಕೂರುವುದು. ಉಳಿದ ಹೊತ್ತು ಅವನು ತನ್ನ ಮನೆಯಲ್ಲಿಯೇ ಅಪ್ಪನ ಕಣ್ಣು ತಪ್ಪಿಸಿ ಓಡಾಡುತ್ತಿದ್ದ. ಅಪ್ಪ ಹಾಲ್‌ನಲ್ಲಿದ್ದರೆ ಇವನು ಮಲಗುವ ಕೋಣೆಯಲ್ಲಿ. ಭಾನುವಾರ ಕಲಬುರಗಿಯಿಂದ ಅವನ ಅವ್ವ ವಿಡಿಯೋ ಕಾಲ್ ಮಾಡಿದರೆ ಕ್ಯಾಮೆರಾ ಕೆಟ್ಟಿದೆ ಎನ್ನುತ್ತಿದ್ದ. ಎದೆಯ ಮೇಲೆ ಏನೂ ಇಲ್ಲದ ಹೊತ್ತಿನಲ್ಲಿಯೂ ಹಾಗೆಯೇ ಹೇಳುತ್ತಿದ್ದ. “ಮಾವಾರು ಆರಾಮ ಅದಾರೇನಪಾ? ನನ್ನ ಶರಣು ಹೇಳು,” ಎನ್ನುತ್ತಿದ್ದರು ಆ ತಾಯಿ.

ಇವನು ಬೆಳಿಗ್ಗೆ ಎದ್ದು ಪಂಚಶೀಲ ಹೇಳಿಕೊಳ್ಳುವವನು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಕೆಟ್ಟ ನಡತೆಗೆ ಹೋಗುವುದಿಲ್ಲ, ಸುಳ್ಳಾಡುವುದಿಲ್ಲ, ಅಮಲು ಮುಟ್ಟುವುದಿಲ್ಲ. ಇದು ಮಂತ್ರ ಅಲ್ಲ, ನನಗೆ ನಾನೇ ಕೊಡುವ ಮಾತು ಎಂದು ಅಪ್ಪನ ಹತ್ತಿರ ವಾದ ಮಾಡಿದ್ದವನು. ಹಲ್ಲುಜ್ಜುತ್ತಾ ಕೇಳಿ ಕೇಳಿ ನನಗೂ ಅದು ಬಾಯಿಪಾಠ. ಭಟ್ಟರಾದ ಮೇಲೆ ಒಂದು ಬೆಳಿಗ್ಗೆ ಗಮನಿಸಿದೆ. ಮೂರನೆಯದನ್ನು ಹೇಳಿದ, ಸುಳ್ಳಿನದನ್ನು ಬಿಟ್ಟು ನೇರ ಐದನೆಯದಕ್ಕೆ ಹೋದ. ಮರುದಿನವೂ ಹಾಗೆಯೇ. ಕೇಳಿದರೆ, “ಮಾಡಲಾರದ್ದನ್ನ ಯಾಕ ಹೇಳಲಿ?” ಎಂದ. ಅಪ್ಪನ ಕೈ ಅಭ್ಯಾಸದಂತೆ ನಡೆಯುತ್ತಿತ್ತು. ಅದಕ್ಕೆ ಮನಸ್ಸಿನ ಹಂಗಿರಲಿಲ್ಲ. ಇವನ ಮನಸ್ಸು ದಿನಾ ಇವನನ್ನು ಹಿಡಿದು ಕೇಳುತ್ತಿತ್ತು. ಕಷ್ಟ ಯಾರದ್ದು ದೊಡ್ಡದು ಎಂದು ನಾನು ತೂಗಲು ಹೋಗುವುದಿಲ್ಲ. ಇಬ್ಬರ ನಡುವೆ ನಾನು ಮಾತ್ರ ಯಾವುದಕ್ಕೂ ಬಾರದವಳಾಗಿ ಪಾತ್ರೆ ತೊಳೆಯುತ್ತಿದ್ದೆ.

ಎಂಟು ವರ್ಷದ ಮಗಳು ಮೊದಲು ಇದನ್ನೆಲ್ಲ ವೇಷದ ಆಟ ಎಂದುಕೊಂಡಳು. ಆಮೇಲೆ ಒಂದು ಸಂಜೆ ಪಾಸ್ತಾ ತಿನ್ನುತ್ತಾ ಅಜ್ಜ ಹೇಳುವ ಆ ಪದದ ಅರ್ಥ ಏನು ಎಂದು ಡಚ್‌ನಲ್ಲಿ ಕೇಳಿದಳು. ಪದವನ್ನು ಸ್ವಚ್ಛವಾಗಿ ಉಚ್ಚರಿಸಿದಳು. ಕನ್ನಡದ ಎಷ್ಟೋ ಪದ ಅವಳ ಬಾಯಲ್ಲಿ ತೊದಲುತ್ತವೆ, ಇದು ತೊದಲಲಿಲ್ಲ. ಇವನೇ ಹೇಳಿದ. “ಹಿಂದಕ ಕೆಲವು ಮಂದೀನ ಮುಟ್ಟಾಕ ಅಂಜತಿದ್ರು. ಅವರಿಗಿ ಹಂಗ ಅಂತಿದ್ರು.”

“ಕೊರೊನಾ ಬಂದಾಗಿನ ಹಾಗೆ?”

“ಹೂಂ. ಸ್ವಲ್ಪ ಹಂಗ.”

“ಪಾಪಾಗೆ ಏನಾಗಿದೆ?” ಎಂದು ನನ್ನನ್ನು ಕೇಳಿದಳು. ಏನೂ ಆಗಿಲ್ಲ ಎಂದೆ. ಅವಳು ನಂಬಲಿಲ್ಲ ಎನ್ನುವುದು ಆ ರಾತ್ರಿ ಅವಳು ತನ್ನ ಪಾಪಾನ ಪಕ್ಕ ಒತ್ತಿಕೊಂಡು ಕೂತ ರೀತಿಯಿಂದ ಗೊತ್ತಾಯಿತು. ನನಗೆ ನನ್ನ ಅಪ್ಪನ ಮೇಲೆ ಆಗ ಬಂದ ಕೋಪ ಇವತ್ತಿಗೂ ಪೂರ್ತಿ ಹೋಗಿಲ್ಲ. ಕಾಯಿಲೆಯವರ ಮೇಲೆ ಕೋಪ ಮಾಡಬಾರದು ಎಂದು ಎಲ್ಲರೂ ಹೇಳುತ್ತಾರೆ. ಸರಿ, ಯಾರ ಮೇಲೆ ಮಾಡಲಿ? ಹುಣಸೆ ಬರಲು ಹಿಡಿದಿದ್ದ ಅಜ್ಜಿ ಬೂದಿಯಾಗಿ ಐವತ್ತು ವರ್ಷ ಸಮೀಪಿಸಿತು. ಅಪ್ಪ ಒಂದು ಜನ್ಮವಿಡೀ ತಿಕ್ಕಿ ತಿಕ್ಕಿ ತೊಳೆದುಕೊಂಡದ್ದು ಮೇಲಿನಿಂದ ಹೋಯಿತು. ಅವಳು ಒಳಗೆ ಇಟ್ಟದ್ದು ಉಳಿಯಿತು. ಹಾಗಾದರೆ ನಾನು ಕಂಡ ಅಪ್ಪ ಯಾರು ಎಂದು ದಿನವಿಡೀ ತಲೆಯೊಳಗೆ ಕೊರೆಯುತ್ತಿತ್ತು.

ಹೊರಡುವ ದಿನ ಹತ್ತಿರ ಬಂತು. ಅಣ್ಣ ಚೇತರಿಸಿಕೊಂಡಿದ್ದ. ಆಗ ಒಂದು ಮಧ್ಯಾಹ್ನ, ಸಾರನ್ನ ಕಲಸುತ್ತಾ, ಅಪ್ಪ ಭಟ್ಟರನ್ನು ಕೇಳಿದರು.

“ಭಟ್ರೇ, ನನ್ನ ಅಳಿಯ ಇಲ್ಲಿಯೇ ಎಲ್ಲೋ ಇರುದು. ನನ್ನನ್ನು ನೋಡ್ಲಿಕ್ಕೆ ಬರ್ಲೇ ಇಲ್ಲ. ನಿಮಗೇನಾದರೂ ಗೊತ್ತುಂಟಾ?”

ಸೌಟು ಹಿಡಿದ ಕೈ ನಿಂತಿತು. “ಬರ್ತಾರ್ರಿ ರಾಯರ. ಕೆಲಸ ಇರಬೇಕು.”

“ಕೆಲಸ ಇದ್ದರೂ ಬರುವವನು ಅವ. ನಾನು ಏನಾದರೂ ಹೇಳಿ ಬೇಜಾರು ಮಾಡಿದ್ದೇನಾ ಅಂತ.” ಅಪ್ಪನ ಕಣ್ಣು ತುಂಬಿತ್ತು. “ಚಿನ್ನದಂಥ ಮನುಷ್ಯ. ನನ್ನ ಮಗನಿಗಿಂತ ಹೆಚ್ಚು. ಅವನ ಹತ್ತಿರ ಮಾತಾಡದೆ ನನಗೆ ಹೊತ್ತು ಹೋಗುದಿಲ್ಲ.”

ಮರುದಿನವೂ ಅದೇ ಕೇಳಿದರು. ಅದರ ಮರುದಿನವೂ. ಎಲ್ಲ ಮರೆಯುವವರು ಇದನ್ನು ಮರೆಯಲಿಲ್ಲ. ಎದುರಿಗೆ ಬಗ್ಗಿ ಅನ್ನ ಬಡಿಸುತ್ತಿರುವವನ ಹತ್ತಿರವೇ ಅವನಿಲ್ಲ ಎಂದು ಅಳುತ್ತಿದ್ದರು. ಇವನು ಒಳಗೆ ಬಂದು ಸಿಂಕಿನ ಅಂಚು ಹಿಡಿದು ನಿಲ್ಲುತ್ತಿದ್ದ. ನಾನು ಬೆನ್ನು ಸವರುತ್ತಿದ್ದೆ. ಸವರಿದರೆ ಏನು ಬಂತು?

ಕೊನೆಯ ಶುಕ್ರವಾರ ನಾನು ಮನೆಯಲ್ಲಿದ್ದೆ. ತಟ್ಟೆಗೆ ಮೊದಲ ಅನ್ನ ಬಡಿಸಿ ಒಳಗೆ ಬಂದವನು ಇದ್ದಕ್ಕಿದ್ದಂತೆ ಜನಿವಾರ ತೆಗೆದ. “ಇನ್ನ ಸಾಕು. ಒಮ್ಮೆ ಮಾವಾರ ಮುಂದ ನಾನಾಗಿ ಕೂಡ್ತೀನಿ. ಬೈದ್ರ ಬೈಲಿ,” ಎಂದ. ಪ್ಯಾಂಟು ಹಾಕಿಕೊಂಡ. ಹಿಂದಿನ ವರ್ಷ ಅಪ್ಪನ ಜೊತೆ ವಾಕಿಂಗ್ ಹೋಗುವಾಗ ಹಾಕುತ್ತಿದ್ದ ನೀಲಿ ಶರ್ಟು ಹುಡುಕಿ ತೊಟ್ಟ. ಬೇಡ, ಊಟ ಬಿಟ್ಟು ಏಳುತ್ತಾರೆ ಎಂದೆ. ಕೇಳಲಿಲ್ಲ. ಹೋಗಿ ಅಪ್ಪನ ಎದುರಿಗೆ ನೆಲದ ಮೇಲೆ ಕೂತ.

“ಮಾವಾರ. ನಾ ಬಂದೀನ್ರಿ.”

ಅಪ್ಪ ತಲೆಯೆತ್ತಿದರು. ಬಹಳ ಹೊತ್ತು ನೋಡಿದರು. ಈ ಸಲ ಮುಖವನ್ನೇ ನೋಡಿದರು. ಪಂಚೆ ಎಳೆದುಕೊಳ್ಳಲಿಲ್ಲ. ಕಣ್ಣಿನೊಳಗೆ ಎಲ್ಲಿಂದಲೋ ಬೆಳಕು ಬಂತು. “ಬಂದ್ಯಾ ಮಾರಾಯ,” ಎಂದರು. “ಎಲ್ಲಿ ಹೋಗಿದ್ದಿ ನೀನು?” ಎಡಗೈ ಚಾಚಿ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಬಾಗಿಲ ಬಳಿ ನಿಂತಿದ್ದ ನನಗೆ ಕಾಲಿನ ಕೆಳಗೆ ನೆಲ ಸಿಕ್ಕ ಹಾಗಾಯಿತು. ಇದ್ದಾರೆ, ನನ್ನ ಅಪ್ಪ ಒಳಗೆ ಇದ್ದಾರೆ.

ಆಮೇಲೆ ಅಪ್ಪ ಅಡುಗೆಮನೆಯ ಬಾಗಿಲಿನ ಕಡೆ ಕಣ್ಣು ಹಾಯಿಸಿದರು. ಹಿಡಿದ ಕೈ ಬಿಟ್ಟರು. ಅವನ ಕಿವಿಯ ಹತ್ತಿರ ಬಗ್ಗಿ ದನಿ ತಗ್ಗಿಸಿದರು.

“ನನಗೆ ಜಾತಿಗೀತಿ ಏನೂ ಇಲ್ಲ, ನಿನಗೆ ಗೊತ್ತುಂಟಲ್ಲ. ಒಳಗೆ ಒಬ್ಬರು ಭಟ್ರು ಇದ್ದಾರೆ, ಘಟ್ಟದ ಮೇಲಿನವರು, ಭಾರೀ ಮಡಿ. ನೀನು ಇಲ್ಲಿ ಕೂತದ್ದು ಕಂಡರೆ ನಾಳೆಯಿಂದ ಅವರು ಬರುದಿಲ್ಲ, ನನಗೆ ಅನ್ನ ಹಾಕುವವರು ಬೇರೆ ಯಾರೂ ಇಲ್ಲ. ಬೇಜಾರು ಮಾಡಬೇಡ ಮಗಾ. ಸ್ವಲ್ಪ ಹೊತ್ತು ಹೊರಗೆ ಕೂತ್ಕೋ. ನನ್ನ ಊಟ ಆಗ್ಲಿ, ನಾನೇ ಬರ್ತೇನೆ.”

ಇವನು “ಆಯ್ತ್ರಿ,” ಎಂದು ಎದ್ದ. ನನ್ನ ಪಕ್ಕದಿಂದಲೇ ಹಾದು ಮುಂಬಾಗಿಲು ತೆರೆದು ಹೊರಗಿನ ಗ್ಯಾಲರಿಯಲ್ಲಿ ನಿಂತ. ಅಪ್ಪ ತಟ್ಟೆಯ ಮುಂದೆ ನೆಟ್ಟಗೆ ಕೂತು, ಏನೂ ಆಗದವರಂತೆ ಗಂಟಲು ಸರಿಮಾಡಿಕೊಂಡು, ಅಡುಗೆಮನೆಯ ಕಡೆಗೆ ಕೂಗಿದರು.

“ಭಟ್ರೇ, ಮೊಸರು ತನ್ನಿ.”

ನಾನು ಮೊಸರಿನ ಪಾತ್ರೆಗೆ ಕೈ ಹಾಕಿದೆ; ನನ್ನ ಕೈಯದ್ದು ಅವರು ಉಣ್ಣುವುದಿಲ್ಲ ಎಂದು ನೆನಪಾಗಿ ಹಿಂದೆ ತೆಗೆದೆ. ಅಪ್ಪ ಇನ್ನೊಮ್ಮೆ ಕೂಗಿದರು. ಮುಂಬಾಗಿಲು ತೆರೆದೇ ಇತ್ತು. ಹೊರಗೆ ನನ್ನ ಗಂಡ ಶರ್ಟಿನ ಗುಂಡಿ ಬಿಚ್ಚತೊಡಗಿದ್ದ.